ಅಪ್ಪಣೆ ಡಬ್ಬಿ

ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ‘ಸ್ವರಕ್ಷಣಾ ಅನುಮತಿ ಸಾಧನ’. ಜನ ಯಾರೂ ಹಾಗೆ ಕರೆಯುವುದಿಲ್ಲ. ಅಪ್ಪಣೆ ಡಬ್ಬಿ ಅನ್ನುತ್ತಾರೆ, ನನ್ನ ಕೇಳಿದರೆ ಅದೇ ಸರಿಯಾದ ಹೆಸರು. ಬೆಂಕಿಪೊಟ್ಟಣದಷ್ಟು ಗಾತ್ರ. ಲೈಸೆನ್ಸ್ ಇರುವ ಪ್ರತಿ ಬಂದೂಕಿನ ಕುದುರೆಯ, ಅಂದರೆ ಟ್ರಿಗರಿನ, ಮೇಲೆ ಅದನ್ನು ಕೂರಿಸಿದ್ದಾರೆ. ಅದರೊಳಗೆ ಒಂದು ಕಣ್ಣು, ಒಂದು ಕಿವಿ, ಹಿಡಿದವರ ಅಂಗೈಯಿಂದ ನಾಡಿ ಎಣಿಸುವ ಒಂದು ತಗಡು, ಮತ್ತೆ ಕುದುರೆ ಅಲುಗದಂತೆ ತಡೆಯುವ ಉಕ್ಕಿನ ಮೊಳೆ. ಮನೆಗೆ ಯಾರಾದರೂ ನುಗ್ಗಿದರೆ ನೀವು ಬಂದೂಕು ಎತ್ತಿ ಡಬ್ಬಿಯ ಗುಂಡಿ ಒತ್ತಬೇಕು. ಅದು ನೋಡುತ್ತದೆ, ಕೇಳುತ್ತದೆ, ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಪ್ರಾಣಕ್ಕೆ ಅಪಾಯವಿದೆಯೇ, ಓಡಿಹೋಗಲು ದಾರಿ ಇದೆಯೇ, ಪೊಲೀಸರು ಬರುವ ತನಕ ತಡೆಯಬಹುದೇ. ಉತ್ತರ ಖಚಿತವಾದರೆ ಮೊಳೆ ತಾನಾಗಿ ಸರಿಯುತ್ತದೆ, ಇಲ್ಲವೇ ಬಿಗಿದುಕೊಳ್ಳುತ್ತದೆ. ಅನುಮಾನ ಬಂದರೆ ಕರೆ ಧಾರವಾಡದ ಅನುಮತಿ ಕೇಂದ್ರಕ್ಕೆ ಬರುತ್ತದೆ. ಅಲ್ಲಿ ನನ್ನಂಥವರು ಹನ್ನೆರಡು ಸೆಕೆಂಡಿನಲ್ಲಿ ತೀರ್ಮಾನ ಹೇಳಬೇಕು.

ನನ್ನ ಹೆಸರು ಕಸ್ತೂರಿ ಹಾವಣಗಿ. ವಯಸ್ಸು ನಲವತ್ತೇಳು. ಒಂಬತ್ತು ವರ್ಷದಿಂದ ಆರನೇ ನಂಬರಿನ ಕುರ್ಚಿಯಲ್ಲಿ ಕೂತು ಅಪರಿಚಿತರ ಹೆದರಿಕೆ ನಿಜವೋ ಸುಳ್ಳೋ ಎಂದು ಹೇಳುತ್ತಿದ್ದೆ. ಮದುವೆಯಾಗಿಲ್ಲ. ಸಪ್ತಾಪುರದಲ್ಲಿ ಮಹಡಿ ಮೇಲಿನ ಎರಡು ಕೋಣೆಯಲ್ಲಿ ಅವ್ವನ ಜೊತೆ ಇದ್ದೆ. ಅವ್ವ ಹೋದ ಮೇಲೆ ಅದೇ ಎರಡು ಕೋಣೆ ನನಗೆ ವಿಪರೀತ ದೊಡ್ಡದಾಗಿ ಕಾಣತೊಡಗಿತು. ಖಾನಾವಳಿಯಿಂದ ಎರಡು ರೊಟ್ಟಿ, ಒಂದು ಪಲ್ಯ ಕಟ್ಟಿಸಿಕೊಂಡು ಬಂದು ಉಣ್ಣುತ್ತಿದ್ದೆ. ಕೆಲವು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸೋಮವಾರ ಮೊದಲ ಕರೆ ಎತ್ತಿದಾಗ ಗಂಟಲು ಕಟ್ಟಿರುತ್ತಿತ್ತು.

ಡಬ್ಬಿಯ ಕಾನೂನನ್ನು ನಾನು ಸುಮ್ಮನೆ ಬೈಯುವವಳಲ್ಲ. ಡಬ್ಬಿ ಬಂದ ಮೇಲೆ ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಪಕ್ಕದವನನ್ನು ಕೊಲ್ಲುವುದು ನಿಂತಿತು. ಕುಡಿದು ಬಂದು ಹೆಂಡತಿಯ ಎದೆಗೆ ಬಂದೂಕು ಇಟ್ಟವನಿಗೆ ನಾನೇ ಎಷ್ಟೋ ಸಲ ಇಲ್ಲ ಅಂದಿದ್ದೇನೆ, ಆ ಹೆಂಗಸರು ಬದುಕಿದ್ದಾರೆ. ಆದರೆ ಕಾನೂನು ಬರೆದವರೆಲ್ಲ ಠಾಣೆಯ ಪಕ್ಕದ ಬೀದಿಯಲ್ಲಿ ಮನೆ ಮಾಡಿದವರು ಅನ್ನಿಸುತ್ತದೆ. ಡಬ್ಬಿಯ ನಕಾಶೆಯಲ್ಲಿ ಎಲ್ಲ ರಸ್ತೆಯೂ ಡಾಂಬರು ರಸ್ತೆ, ಎಲ್ಲ ಹಳ್ಳಕ್ಕೂ ಸೇತುವೆ, ಎಲ್ಲ ಜೀಪಿನಲ್ಲೂ ಡೀಸೆಲ್. ಹಾಗಾಗಿ ನಾಡಿನ ಯಾವ ಮೂಲೆಗಾದರೂ ಪೊಲೀಸರು ಹದಿನಾಲ್ಕು ನಿಮಿಷದಲ್ಲಿ ಬರುತ್ತಾರೆ. ಇನ್ನು ಲೈಸೆನ್ಸ್ ಅರ್ಜಿಯಲ್ಲಿ ‘ನಿಮಗೆ ಯಾರಿಂದ ಅಪಾಯ, ಹೆಸರು ವಿಳಾಸ ಬರೆಯಿರಿ’ ಎಂದು ಒಂದು ಕಾಲಂ ಇದೆ. ಬರೆದರೆ ಕಚೇರಿಯವರು ಆ ವಿಳಾಸಕ್ಕೆ ನೋಟಿಸು ಕಳಿಸಿ, ತಮ್ಮದೇನಾದರೂ ತಕರಾರಿದೆಯೇ ಎಂದು ಮರ್ಯಾದೆಯಿಂದ ಕೇಳುತ್ತಾರೆ.

ತಳವಾರ ದುರಗವ್ವ ಆ ಕಾಲಂ ತುಂಬಿದ್ದಳು. ತುಂಗಭದ್ರೆಯ ದಂಡೆಯಲ್ಲಿ ಹಳೇಗೂಳಿ ಎಂಬ ಊರು, ಊರಿನಿಂದ ಎರಡು ಮೈಲಿ ಆಚೆ ಹೊಲ, ಹೊಲದಲ್ಲೇ ಮನೆ. ಗಂಡ ಯಮನಪ್ಪ ಸತ್ತು ಆರು ವರ್ಷ, ಮಕ್ಕಳಿಲ್ಲ. ಹೊಳೆಯ ಮರಳು ತುಂಬಿದ ಟ್ರ್ಯಾಕ್ಟರುಗಳು ಅವಳ ಜೋಳದ ಹೊಲ ತುಳಿದುಕೊಂಡು ಹೋಗುತ್ತಿದ್ದವು. ಅಗೆದು ಅಗೆದು ಅವಳ ಬಾವಿಯ ದಡವೇ ಕುಸಿದಿತ್ತು. ತಹಶೀಲ್ದಾರರ ಮುಂದೆ ಯಾರ ಟ್ರ್ಯಾಕ್ಟರು ಎಂದು ಹೆಸರು ಹಿಡಿದು ಹೇಳಿದವಳು ಆ ಸೀಮೆಯಲ್ಲಿ ಅವಳೊಬ್ಬಳೇ. ಅಂದಿನಿಂದ ಊರಿನವರು ಅವಳ ಹೊಲದ ಕಡೆ ಬರುವುದನ್ನು ಬಿಟ್ಟರು. ಬೆದರಿಕೆ ಹಾಕಿದವರ ಹೆಸರು ಬರೆದು ಗಂಡನ ಬಂದೂಕಿನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋದಳು. ಹೆಸರಿದ್ದವರಿಗೆಲ್ಲ ನೋಟಿಸು ಹೋಯಿತು. ಹದಿನಾಲ್ಕು ತಿಂಗಳ ಮೇಲೆ ಬಂದೂಕು ಮನೆಗೆ ಬಂತು, ಅದರ ಮೇಲೆ ಡಬ್ಬಿ ಕೂತಿತ್ತು.

ಇದನ್ನೆಲ್ಲ ಅವಳೇ ನನಗೆ ಸ್ವಲ್ಪಸ್ವಲ್ಪವಾಗಿ ಹೇಳಿದ್ದು. ಮೊದಲ ಸಲ ಬಂದೂಕು ಒರೆಸುವಾಗ ಕೈ ತಗುಲಿ ಗುಂಡಿ ಒತ್ತಿಕೊಂಡಿತಂತೆ. ನನ್ನ ತೆರೆಯ ಮೇಲೆ ಒಂದು ಮಣ್ಣಿನ ಗೋಡೆ, ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ, ನಾಡಿ ಎಪ್ಪತ್ತೆರಡು. ಏನಾಯಿತು ಹೇಳಿ ಎಂದೆ.

“ಯವ್ವಾ, ಇದರಾಗ ಮನಷ್ಯಾರು ಅದೀರೇನ್ರಿ?” ಅಂದಳು.

ಸುಳ್ಳು ಕರೆ ವರ್ಷಕ್ಕೆ ಮೂರಾದರೆ ಬಂದೂಕು ಜಪ್ತಿ. ಪಾಪ ಅನ್ನಿಸಿ ‘ತಾಂತ್ರಿಕ ಪರೀಕ್ಷೆ’ ಎಂದು ನಮೂದಿಸಿದೆ. ಪರೀಕ್ಷೆ ಎಂದು ಹಾಕಿದರೆ ಲೈನು ಮೂರು ನಿಮಿಷ ತೆರೆದಿರುತ್ತದೆ. ಹನ್ನೆರಡು ಸೆಕೆಂಡಿನ ಜಾಗದಲ್ಲಿ ಮೂರು ನಿಮಿಷ ಅಂದರೆ ನಮ್ಮ ಕೊಠಡಿಯಲ್ಲಿ ಅದೊಂದು ದೊಡ್ಡ ರಜೆ.

ಮುಂದಿನ ವಾರ ಮತ್ತೆ ಬಂತು, ಆ ಸೀಮೆಯ ಕರೆಗಳೆಲ್ಲ ನನ್ನ ಕುರ್ಚಿಗೇ ಬೀಳುತ್ತಿದ್ದವು. ಈ ಸಲ ಕೈ ತಗುಲಿದ್ದಲ್ಲ. ಸಂಜೆ ನಾಲ್ಕರ ಸುಮಾರಿಗೆ, ಹೊಲದ ಕೆಲಸ ಮುಗಿಸಿ ಹೊಸ್ತಿಲ ಮೇಲೆ ಕೂತು, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಗುಂಡಿ ಒತ್ತುತ್ತಿದ್ದಳು. ಡಬ್ಬಿಯ ಕಣ್ಣಿನಲ್ಲಿ ನನಗೆ ಅಂಗಳ, ಒಂದು ಬೇವಿನ ಗಿಡ, ದೂರದಲ್ಲಿ ಹೊಳೆಯ ಗೆರೆ ಕಾಣುತ್ತಿತ್ತು. ನಾನು ತಾಂತ್ರಿಕ ಪರೀಕ್ಷೆ ಹಾಕುತ್ತಿದ್ದೆ. ಅವಳು ಕೋಳಿ ಮರಿ ಮಾಡಿದ್ದು, ಹಲ್ಲು ನೋಯುವುದು, ಜೋಳದ ನಡುವೆ ಬಿತ್ತಿದ ಅಕ್ಕಡಿ ಕಾಳಿಗೆ ಹುಳ ಹಿಡಿದದ್ದು ಹೇಳುತ್ತಿದ್ದಳು. ನನ್ನದೇನೂ ಹೇಳುವಂತಿರಲಿಲ್ಲ, ಹೆಸರು ಹೇಳುವುದೂ ನಿಯಮಕ್ಕೆ ವಿರುದ್ಧ. ನನಗಿಂತ ಹನ್ನೆರಡು ವರ್ಷ ಹಿರಿಯಳಾದರೂ ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಒಂದು ದಿನ ನನ್ನ ದನಿ ಕೇಳಿ, ಜ್ವರ ಬಂದದೇನು, ಮನ್ಯಾಗ ಗಂಜಿ ಮಾಡಿ ಕೊಡಾವ್ರು ಯಾರರ ಅದಾರೇನು ಎಂದು ಕೇಳಿದಳು. ಅದಾರ ಎಂದು ಸುಳ್ಳು ಹೇಳಿದೆ. ಆ ದಿನ ನಿಜವಾಗಿಯೂ ಜ್ವರವಿತ್ತು.

ಒಂದು ವರ್ಷದಲ್ಲಿ ಅಂಥ ಅರವತ್ತೊಂದು ಪರೀಕ್ಷೆ ನಡೆದವು. ಮೇಲಿನವರ ಕಣ್ಣಿಗೆ ಬಿದ್ದಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು. ಗೊತ್ತಿದ್ದೂ ಹಾಕಿದೆ. ನಾಲ್ಕು ಗಂಟೆ ಆಗುವುದನ್ನೇ ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ.

ಇನ್ನು ಖಂಡೇನವಮಿಯ ವಿಷಯ. ನಮ್ಮ ಕಡೆ ಆ ದಿನ ಮನೆಯ ಕತ್ತಿ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂವು ಸುತ್ತಿ ಪೂಜೆ ಮಾಡುತ್ತಾರೆ. ಬಂದೂಕು ಬಿಟ್ಟಾರೆಯೇ. ಅಪ್ಪಣೆ ಡಬ್ಬಿಯನ್ನು ವಿನ್ಯಾಸ ಮಾಡಿದ ಮಹಾಶಯರು ಮಳೆ, ಧೂಳು, ಎಣ್ಣೆ, ಬೆವರು ಎಲ್ಲ ಯೋಚಿಸಿದ್ದರು. ಭಕ್ತಿಯನ್ನು ಯೋಚಿಸಿರಲಿಲ್ಲ. ಹಿಂದಿನ ವರ್ಷ ಆ ದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾವಿರ ಕರೆ ಬಂದವು. ಹೂವಿನ ಸರ ಗುಂಡಿಯನ್ನು ಅದುಮುತ್ತಿತ್ತು, ವಿಭೂತಿ ಕಿವಿಯನ್ನು ಮುಚ್ಚಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಮೆತ್ತಿದ ಕುಂಕುಮವನ್ನು ಯಂತ್ರ ರಕ್ತ ಎಂದು ತಿಳಿದು ಹನ್ನೊಂದು ಬಂದೂಕುಗಳ ಮೊಳೆ ತೆರೆದುಬಿಟ್ಟಿತು. ಆರತಿ ಹಿಡಿದು ನಿಂತ ಮನೆಯವರ ಮುಂದೆ ಅವುಗಳಲ್ಲೊಂದು ಹಾರಿ, ಛಾವಣಿಯ ಹಂಚು ಪುಡಿಯಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಹಾಗಾಗಿ ಈ ವರ್ಷ ಒಂದು ಸುತ್ತೋಲೆ ಹೊರಟಿತು. ಖಂಡೇನವಮಿಯ ದಿನ ಯಂತ್ರ ತಾನಾಗಿ ಮೊಳೆ ತೆರೆಯುವಂತಿಲ್ಲ. ಕಣ್ಣು ಮುಚ್ಚಿದ ಬಂದೂಕಿನಿಂದ ಬಂದ ಕರೆಯನ್ನು ಎತ್ತದೆಯೇ ‘ಪೂಜೆ’ ಎಂದು ನಮೂದಿಸಿ ನಿರಾಕರಿಸಬೇಕು. ಅಂಥ ಕರೆಗಳ ಧ್ವನಿ, ಚಿತ್ರ, ನಾಡಿ ಯಾವುದನ್ನೂ ಉಳಿಸಬೇಕಾಗಿಲ್ಲ, ಸುಮ್ಮನೆ ಜಾಗ ದಂಡ. ಒಂದೂವರೆ ಪುಟದ ಆ ಸುತ್ತೋಲೆಗೆ ಮೇಲ್ವಿಚಾರಕ ಜಮಖಂಡಿ ಸರ್ ಸಹಿ ಮಾಡಿದರು. ಬರೆದವಳು ನಾನು. ಎಷ್ಟು ಚೆಂದ ಸರಳ ಮಾಡಿದಿರಿ ಎಂದು ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ.

ಆ ದಿನ ನಮ್ಮ ಕೊಠಡಿಯಲ್ಲೂ ಪೂಜೆ. ಸರ್ವರ್ ಇಟ್ಟ ಕಪಾಟುಗಳಿಗೆ ವಿಭೂತಿಯ ಮೂರು ಮೂರು ಗೆರೆ, ಪ್ರತಿ ತೆರೆಯ ಮೇಲೆ ಹೂವು, ಬಾಗಿಲಲ್ಲಿ ಒಡೆದ ಕುಂಬಳಕಾಯಿ. ಮಿರ್ಚಿ, ಚುರುಮುರಿ, ಪೇಢೆ. ಬೆಳಗಿನಿಂದ ನಾನು ಒಂಬೈನೂರು ಸಲ ‘ಪೂಜೆ’ ಒತ್ತಿರಬೇಕು, ಬೆರಳು ತಾನಾಗಿ ಆಡುತ್ತಿತ್ತು. ನಾಲ್ಕೂ ಹತ್ತಕ್ಕೆ ದುರಗವ್ವನ ನಂಬರು ಹೊತ್ತಿಕೊಂಡಿತು. ತೆರೆಯ ತುಂಬ ಕೆಂಪು, ಅಂಚಿನಲ್ಲಿ ಚೆಂಡು ಹೂವಿನ ಹಳದಿ. ನಾಡಿ ನೂರಾ ಇಪ್ಪತ್ತೆಂಟು.

ಆ ಸಂಖ್ಯೆಯನ್ನು ನಾನು ನೋಡಿದೆ. ಕಾಣಲಿಲ್ಲ ಎಂದು ಹೇಳಲಾರೆ. ಹೊಳೆಯಿಂದ ಕೊಡ ಹೊತ್ತು ದಂಡೆ ಹತ್ತಿ ಬಂದಿರಬೇಕು, ಹಬ್ಬದ ಮಾತಾಡಲು ಒತ್ತಿದ್ದಾಳೆ ಅಂದುಕೊಂಡೆ. ಎತ್ತಬಹುದಿತ್ತು. ಆದರೆ ಜಮಖಂಡಿ ಸರ್ ಪೇಢೆಯ ತಟ್ಟೆ ಹಿಡಿದು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಎತ್ತಿದರೆ ಅವಳು ಅಕ್ಕಾ ಅನ್ನುತ್ತಾಳೆ, ಅವರು ಯಾರಿವಳು ಎಂದು ಕೇಳುತ್ತಾರೆ, ಅರವತ್ತೊಂದು ಪರೀಕ್ಷೆ ಹೊರಬೀಳುತ್ತವೆ. ನಾನು ‘ಪೂಜೆ’ ಒತ್ತಿದೆ. ಕೂಡಲೇ ಮತ್ತೊಮ್ಮೆ ಹೊತ್ತಿಕೊಂಡಿತು. ಮತ್ತೆ ಒತ್ತಿದೆ. ಸರ್ ಪೇಢೆ ಕೊಟ್ಟರು, ತಿಂದೆ. ನಾಳೆ ಬನ್ನಿ ಹಬ್ಬ, ನಾಳೆ ಸಮಾಧಾನದಿಂದ ಮಾತಾಡಿದರಾಯಿತು ಅಂದುಕೊಂಡೆ.

ಮರುದಿನ ಮನೆಯ ಮಾಲೀಕರಿಗೆ ಬನ್ನಿ ಕೊಟ್ಟು, ಅವರಿಂದ ತಗೊಂಡು, ಬಂಗಾರದಂಗ ಇರೋಣು ಎಂದು ಹೇಳಿ ಕೆಲಸಕ್ಕೆ ಹೋದೆ. ನಾಲ್ಕು ಗಂಟೆಗೆ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಮ್ಮ ಕಡೆಯಿಂದ ಕರೆ ಮಾಡಲು ಬರುವುದಿಲ್ಲ, ಲೈನು ಒಂದೇ ದಿಕ್ಕಿನದು. ನನಗೆ ಅವಳ ಮೇಲೆ ಸಿಟ್ಟು ಬಂತು. ಹಬ್ಬಕ್ಕೆ ಮಾತಾಡಿಸಲಿಲ್ಲ ಎಂದು ಮುನಿಸಿಕೊಂಡಿದ್ದಾಳೆ, ಮುನಿಸಿಕೊಳ್ಳಲಿ ಬಿಡು ಅಂದುಕೊಂಡೆ. ಎರಡು ಸಂಜೆ ರೊಟ್ಟಿ ಕಟ್ಟಿಸಿಕೊಂಡು ಬಂದು ಉಣ್ಣದೆ ಮಲಗಿದೆ.

ನಾಲ್ಕನೇ ದಿನ ಠಾಣೆಯೊಂದರಿಂದ ದೃಢೀಕರಣ ಪತ್ರದ ಕೋರಿಕೆ ಬಂತು. ಇಂಥವು ವರ್ಷಕ್ಕೆ ಏಳೆಂಟು ನೂರು ಬರುತ್ತವೆ, ಬಂದೂಕಿನ ನಂಬರು, ದಿನಾಂಕ, ವೇಳೆ, ‘ಅನುಮತಿ ನಿರಾಕರಿಸಲಾಗಿದೆ’ ಎಂಬ ಒಂದು ಸಾಲು, ಕೆಳಗೆ ನಮ್ಮ ಸಹಿ. ನಾನು ಸಹಿ ಹಾಕಿ, ಆಮೇಲೆ ನಂಬರು ಓದಿದೆ. ಅಷ್ಟರಲ್ಲಿ ಪತ್ರ ಹೋಗಿತ್ತು.

ಠಾಣೆಗೆ ಫೋನು ಮಾಡಿ ಕೇಳಿದೆ. ಮರಳಿನವರ ಕಡೆಯ ಮೂರು ಜನ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ದುರಗವ್ವ ಪೂಜೆಗಿಟ್ಟ ಬಂದೂಕನ್ನು ಹೂವಿನ ಸಮೇತ ಎತ್ತಿಕೊಂಡು ಎರಡು ಸಲ ಗುಂಡಿ ಒತ್ತಿದ್ದಳು. ಮೊಳೆ ಸರಿಯಲಿಲ್ಲ. ಅವರು ಬಡಿಗೆಯಿಂದ ಅವಳ ತಲೆ ಒಡೆದರು. ಅವಳು ಬಂದೂಕು ಬಿಸಾಕಿ, ಪೂಜೆಗಿಟ್ಟ ಸಾಲಿನಲ್ಲಿದ್ದ ಕುಡುಗೋಲು ಎತ್ತಿ ಬೀಸಿದಳು. ಒಬ್ಬನ ಎಡಗೈ ಮಣಿಕಟ್ಟಿನವರೆಗೆ ಹೋಯಿತು. ಉಳಿದಿಬ್ಬರು ಅವನನ್ನು ಹೊತ್ತುಕೊಂಡು ಓಡಿದರು. ಪೊಲೀಸರು ಬಂದದ್ದು ಒಂದು ತಾಸು ಐವತ್ತು ನಿಮಿಷದ ಮೇಲೆ. ಅವಳ ತಲೆಗೆ ಒಂಬತ್ತು ಹೊಲಿಗೆ ಹಾಕಿಸಿ, ಕೊಲೆ ಯತ್ನದ ಕೇಸು ಹಾಕಿ, ಜೈಲಿಗೆ ಕಳಿಸಿದರು.

ಯಾಕೆಂದರೆ ಡಬ್ಬಿಯ ಕಾನೂನಿನಲ್ಲಿ ಒಂಬತ್ತನೇ ಕಲಂ ಎಂಬುದೊಂದಿದೆ. ಅನುಮತಿ ಕೇಳಿ, ಕೇಂದ್ರ ನಿರಾಕರಿಸಿದರೆ, ಆ ಗಳಿಗೆಯಲ್ಲಿ ಅಪಾಯ ಇರಲಿಲ್ಲ ಎಂದು ಸರ್ಕಾರವೇ ಕಂಡಂತೆ. ಅಪಾಯ ಇಲ್ಲದಲ್ಲಿ ಸ್ವರಕ್ಷಣೆಯೂ ಇಲ್ಲ. ಆಮೇಲೆ ಕೈಯಲ್ಲಿ ಏನು ಹಿಡಿದರೂ ಅದು ಹಲ್ಲೆ. ನನ್ನ ಬೆರಳು ಎರಡು ಸಲ ಒತ್ತಿದ ಗುಂಡಿ ಈಗ ದುರಗವ್ವನ ವಿರುದ್ಧದ ಮುಖ್ಯ ಸಾಕ್ಷಿಯಾಗಿತ್ತು. ಹತ್ತು ವರ್ಷ ಶಿಕ್ಷೆಯಾಗಬಹುದು ಎಂದು ಕೇಳಿದೆ. ಅವಳಿಗೆ ಐವತ್ತೊಂಬತ್ತು.

ಅವಳ ಪರವಾಗಿ ಸರ್ಕಾರ ನೇಮಿಸಿದ ವಕೀಲೆ ನಸ್ರೀನ್ ಮಕಾಂದಾರ. ಮೂವತ್ತು ದಾಟಿರದ ಹೆಣ್ಣುಮಗಳು, ಬಸ್ಸಿನಲ್ಲಿ ಧಾರವಾಡಕ್ಕೆ ಬಂದು ಒಂದು ಮಧ್ಯಾಹ್ನ ನನ್ನ ಮನೆಯ ಮೆಟ್ಟಿಲು ಹತ್ತಿದಳು. ದೃಢೀಕರಣಕ್ಕೆ ಸಹಿ ಹಾಕಿದವರನ್ನು ಕೋರ್ಟಿಗೆ ಕರೆಸುವ ಹಕ್ಕು ಅವಳಿಗಿದೆ, ಮೊದಲೇ ಕಂಡು ಹೋಗೋಣ ಎಂದು ಬಂದಿದ್ದಳು. ನಾನು ಚಹಾ ಮಾಡಿದೆ. ಅವ್ವ ಹೋದ ಮೇಲೆ ಆ ಮನೆಯಲ್ಲಿ ಎರಡು ಕಪ್ಪು ತೊಳೆದದ್ದು ಅದೇ ಮೊದಲು.

ಧ್ವನಿ ಇಲ್ಲ, ಚಿತ್ರ ಇಲ್ಲ, ನಾಡಿ ಇಲ್ಲ, ಏನೂ ಉಳಿದಿಲ್ಲ ಅಂತಾರ, ಹೌದೇನ್ರಿ ಎಂದು ಕೇಳಿದಳು. ಹೌದು ಎಂದೆ. ಕರೆಯನ್ನು ಕೇಳಿ ನಿರಾಕರಿಸಿದ್ದೋ ಕೇಳದೆ ನಿರಾಕರಿಸಿದ್ದೋ, ಅದೊಂದೇ ತನಗೆ ಬೇಕಾದದ್ದು, ಕೇಳದೆ ಅಂತಾದರೆ ಒಂಬತ್ತನೇ ಕಲಂ ನಿಲ್ಲುವುದಿಲ್ಲ, ಹೊಲಿಗೆಯ ಗಾಯ ನೋಡಿದರೆ ಯಾವ ನ್ಯಾಯಾಧೀಶರೂ ಬಿಡುಗಡೆ ಮಾಡುತ್ತಾರೆ ಎಂದಳು. ಸುತ್ತೋಲೆಯ ಪ್ರತಿ ಕೊಡಲು ಇಲಾಖೆ ಒಪ್ಪುತ್ತಿಲ್ಲವಂತೆ. ನಾನು ಅವಳ ಕಪ್ಪಿಗೆ ಇನ್ನಷ್ಟು ಚಹಾ ಸುರಿದೆ.

“ಒಂದು ವಿಚಿತ್ರ ಅದ ಮೇಡಮ್,” ಅಂದಳು ನಸ್ರೀನ್. “ಆಕೀಗೆ ನಿಮ್ಮ ಕೇಂದ್ರದ ಮ್ಯಾಲೆ ಸಿಟ್ಟೇ ಇಲ್ಲ. ಅಲ್ಲಿ ನಮ್ಮ ಅಕ್ಕ ಒಬ್ಬಾಕಿ ಅದಾಳ, ಆ ದಿನ ಹಬ್ಬಕ್ಕ ರಜಾ ತಗೊಂಡಿದ್ಲು, ಆಕಿ ಇದ್ದಿದ್ರ ಖರೇನ ಎತ್ತತಿದ್ಲು, ಅಂತ ಜೈಲಿನ್ಯಾಗ ಎಲ್ಲಾರ ಮುಂದೂ ಹೇಳಾಕತ್ತಾಳ. ಯಾರ್ರಿ ಆ ಅಕ್ಕ?”

ಗೊತ್ತಿಲ್ಲ ಎಂದೆ. ನಸ್ರೀನ್ ಹೋದ ಮೇಲೆ ಆ ಎರಡು ಕಪ್ಪುಗಳನ್ನು ಎಷ್ಟೋ ಹೊತ್ತು ತೊಳೆದೆ. ದುರಗವ್ವ ಬೈದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಿತ್ತು.

ಕೋರ್ಟಿನ ಸಮನ್ಸು ಬಂದಾಗ ಜಮಖಂಡಿ ಸರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಕೆಟ್ಟ ಮನುಷ್ಯರಲ್ಲ, ಮಗಳ ಮದುವೆ ಗೊತ್ತಾಗಿತ್ತು, ನಿವೃತ್ತಿಗೆ ಎಂಟು ತಿಂಗಳಿತ್ತು. ದಾಖಲೆ ಪ್ರಕಾರ ಸರಿ ಇದೆ ಎಂದಷ್ಟೇ ಹೇಳಿ ಬನ್ನಿ ಎಂದರು. ಬೇರೆ ಏನು ಹೇಳಿದರೂ ಆ ದಿನದ ಸಾವಿರಾರು ನಿರಾಕರಣೆಯೂ ಬಿದ್ದುಹೋಗುತ್ತದೆ, ಸುತ್ತೋಲೆ ಬರೆದವರು ಯಾರೆಂದು ಕೇಳುತ್ತಾರೆ, ಆಮೇಲೆ ನಿಮ್ಮ ಕುರ್ಚಿಯ ಹಳೆಯ ಕರೆಗಳನ್ನೆಲ್ಲ ತೆಗೆಯುತ್ತಾರೆ ಎಂದರು. ಹಳೆಯ ಕರೆಗಳು ಎನ್ನುವಾಗ ನನ್ನ ಮುಖ ನೋಡಲಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಆಗ ತಿಳಿಯಿತು. ಅಂದರೆ ಖಂಡೇನವಮಿಯ ದಿನ ನಾನು ಕರೆ ಎತ್ತಿದ್ದರೂ ಅವರು ಏನೂ ಅನ್ನುತ್ತಿರಲಿಲ್ಲ.

ಕೋರ್ಟಿನ ದಿನ ಬೆಳಗಿನ ಬಸ್ಸು ಹಿಡಿದೆ. ಏಳು ತಾಸಿನ ದಾರಿ. ಕಿಟಕಿಯಿಂದ ಎರಡು ಕಡೆ ಸೂರ್ಯಕಾಂತಿ, ಕಡಲೆ, ಕಪ್ಪು ನೆಲ, ನಡುನಡುವೆ ಒಂಟಿ ಹೊಲದ ಮನೆಗಳು. ಡಬ್ಬಿಯ ಕಣ್ಣಿನಿಂದ ಅಂಥ ಮನೆಗಳ ಗೋಡೆ, ಅಂಗಳ ಸಾವಿರ ನೋಡಿದ್ದೆ. ಒಂದು ಮನೆಯಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಅಂದೇ ಮೊದಲು ಕಂಡದ್ದು. ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಒಂಬತ್ತು ವರ್ಷ ನಾನು ಹದಿನಾಲ್ಕು ನಿಮಿಷ, ಹದಿನಾಲ್ಕು ನಿಮಿಷ ಎಂದು ಇಂಥವರಿಗೆ ಹೇಳುತ್ತ ಬಂದಿದ್ದೆ.

ನ್ಯಾಯಾಲಯದ ಕೋಣೆ ಸಣ್ಣದು. ಫ್ಯಾನು ಸದ್ದು ಮಾಡುತ್ತಿತ್ತು. ಆರೋಪಿಯ ಕಟಕಟೆಯಲ್ಲಿ ಒಬ್ಬ ಕುಳ್ಳ ಹೆಂಗಸು, ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಹೊಲಿಗೆ ಹಾಕಲು ಬೋಳಿಸಿದ ಜಾಗದಲ್ಲಿ ಬೆಳೆಯುತ್ತಿದ್ದ ಬಿಳಿ ಕೂದಲು. ಪಕ್ಕದಲ್ಲಿ ಮಹಿಳಾ ಪೇದೆ. ನಾನು ಅವಳ ಅಂಗಳ ನೋಡಿದ್ದೆ, ಬೇವಿನ ಗಿಡ ನೋಡಿದ್ದೆ, ಅವಳ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಅವಳೂ ನನ್ನನ್ನು ಸರ್ಕಾರದ ಕಡೆಯ ಯಾವಳೋ ಎಂದು ಒಮ್ಮೆ ನೋಡಿ ಮುಖ ತಿರುಗಿಸಿದಳು.

ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ನಾನು ಬಾಯಿ ತೆರೆದೆ.

ಮೂರನೇ ಶಬ್ದಕ್ಕೆ ಅವಳ ತಲೆ ಎದ್ದಿತು. ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಮುಂದಿನ ಎರಡು ಹಲ್ಲಿಲ್ಲದ ಬಾಯಿ ಅಗಲವಾಯಿತು. ಪೇದೆಯ ತೋಳು ಹಿಡಿದು, ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಮ್ಮ ಅಕ್ಕ ಬಂದಾಳ. ನೋಡು, ಅಷ್ಟು ದೂರದಿಂದ ನನ್ನ ಸಲವಾಗಿ ಬಂದಾಳ.”

ಪೇದೆ ಸುಮ್ಮನಿರು ಎಂದಳು. ನಸ್ರೀನ್ ನನ್ನತ್ತ ನೋಡಿದಳು, ಅವಳಿಗೆ ಎಲ್ಲ ಅರ್ಥವಾಯಿತು. ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟು, ಬೇರೆ ಯಾವ ಪ್ರಶ್ನೆಯನ್ನೂ ಕೇಳದೆ ನೇರವಾಗಿ ಅಲ್ಲಿಗೇ ಬಂದಳು. ಖಂಡೇನವಮಿಯ ದಿನ ಸಂಜೆ ನಾಲ್ಕೂ ಹತ್ತಕ್ಕೆ ಆರನೇ ನಂಬರಿನ ಕುರ್ಚಿಯಲ್ಲಿ ಯಾರಿದ್ದರು ಎಂದು ಕೇಳಿದಳು.

ದುರಗವ್ವ ಇನ್ನೂ ನಗುತ್ತಿದ್ದಳು. ಕಟಕಟೆಯ ಮೇಲಿದ್ದ ಅವಳ ಒಂದು ಕೈ, ಹೇಳು ಹೇಳು ಎನ್ನುವಂತೆ ನನ್ನ ಕಡೆ ಎದ್ದಿತ್ತು. ರಜೆಯಲ್ಲಿದ್ದೆ ಎಂದು ನಾನು ಹೇಳುತ್ತೇನೆಂದು ಕಾಯುತ್ತಿದ್ದಳು. ದಾಖಲೆ ಪ್ರಕಾರ ಸರಿ ಇದೆ ಎಂದರೆ ಕೆಲಸ ಉಳಿಯುತ್ತಿತ್ತು, ಅವಳ ಪಾಲಿಗೆ ನಾನು ಅಕ್ಕನಾಗಿಯೇ ಉಳಿಯುತ್ತಿದ್ದೆ, ಹತ್ತು ವರ್ಷ ಅವಳು ಜೈಲಿನಲ್ಲಿ ಕೂತು ನನ್ನನ್ನು ಹೊಗಳುತ್ತಿದ್ದಳು. ನನಗೆ ಆ ನಗುವನ್ನು ಬಿಟ್ಟು ಜಗತ್ತಿನಲ್ಲಿ ಬೇರೆ ಏನೂ ಇರಲಿಲ್ಲ.

“ನಾನೇ ಇದ್ದೆ,” ಎಂದೆ. “ಎರಡು ಸಲ ಕರೆ ಬಂತು. ಆಕೀ ನಂಬರು ಅಂತ ಗೊತ್ತಿತ್ತು. ನಾಡಿ ನೂರಾ ಇಪ್ಪತ್ತೆಂಟು ಇತ್ತು. ನಾನು ಎತ್ತಲಿಲ್ಲ.”

ದುರಗವ್ವನ ಕೈ ಮೆಲ್ಲಗೆ ಕೆಳಗಿಳಿಯಿತು. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಟೈಪ್ ಮಾಡುವವರಿಗೆ ಫ್ಯಾನಿನ ಸದ್ದಿನಲ್ಲಿ ಕೊನೆಯ ಮಾತು ಕೇಳಿಸಲಿಲ್ಲವಂತೆ. ನ್ಯಾಯಾಧೀಶರು ಅದನ್ನು ಇನ್ನೊಮ್ಮೆ ಜೋರಾಗಿ ಹೇಳಿ ಎಂದರು. ನಾನು ಇನ್ನೊಮ್ಮೆ ಜೋರಾಗಿ ಹೇಳಿದೆ.